ಕೂಡುಬರಹದ ಅಚ್ಚು: ಒಂದು ಮೀಮಾಂಸೆ

ವಿಷಯ, ಸಂಶಯ

ಮದುವೆಯ ಕರೆಯೋಲೆ, ಪದವಿಪತ್ರ, ಸನ್ಮಾನಪತ್ರ, ಹಳೆಯ ಹೋಟೆಲಿನ ನಾಮಫಲಕ ಇವುಗಳ ಮೇಲೆ ಬಲಕ್ಕೆ ವಾಲಿ, ಒಂದರ ಬಾಲ ಇನ್ನೊಂದಕ್ಕೆ ತಾಗಿ ಸಾಗುವ ಇಂಗ್ಲಿಷ್ ಅಕ್ಷರಗಳನ್ನು ಕಾಣದವರಿಲ್ಲ. ಕೆಳಗಿಳಿಯುವ ಗೆರೆ ದಪ್ಪ, ಮೇಲೇರುವ ಗೆರೆ ಕೂದಲೆಳೆಯಷ್ಟು ಸಪೂರ. ನುರಿತ ಕೈಯೊಂದು ಗರಿಯ ಲೇಖನಿ ಹಿಡಿದು ಬರೆದಂತೆ ತೋರುತ್ತದೆ. ಆದರೆ ಅದು ಬರೆದದ್ದಲ್ಲ, ಅಚ್ಚು ಹಾಕಿದ್ದು. ಇಂಥ ಅಚ್ಚಕ್ಷರವೇ ಇಲ್ಲಿನ ವಿಷಯ.

ಚರ್ಚೆ ಗಾಳಿಗೆ ಹೋಗದಿರಲು ಒಂದು ನಿಜವಾದ ಅಕ್ಷರಶೈಲಿಯನ್ನೇ ಮುಂದಿಟ್ಟುಕೊಳ್ಳೋಣ. ಮ್ಯಾಥ್ಯೂ ಕಾರ್ಟರ್ 1965–66ರ ಹೊತ್ತಿಗೆ ಮರ್ಗೆಂಥಾಲರ್ ಲೈನೋಟೈಪ್ ಕಂಪನಿಗಾಗಿ ರೂಪಿಸಿದ ‘ಸ್ನೆಲ್ ರೌಂಡ್‌ಹ್ಯಾಂಡ್’ ಅದು. ಹೋಲಿಕೆಗೆ ಇನ್ನೊಂದಿರಲಿ: ಜರ್ಮನಿಯ ಹರ್ಮನ್ ಜಾಫ್ ರಚಿಸಿ 1998ರಲ್ಲಿ ಹೊರಬಂದ ‘ಜಾಫಿನೊ’. ಎರಡೂ ಇಂದು ಆ್ಯಪಲ್ ಕಂಪ್ಯೂಟರುಗಳ ಜೊತೆಗೇ ಬರುತ್ತವೆ. ಹಾಗಾಗಿ ಹೆಸರು ಗೊತ್ತಿಲ್ಲದವರೂ ಇವನ್ನು ಕಂಡಿರುವ ಸಂಭವ ಹೆಚ್ಚು.

ಸಂಶಯ ಇಷ್ಟು. ಕೂಡುಬರಹದ ಸ್ವಭಾವ ತುಂಡಾಗದ ಓಟ. ಅಚ್ಚಿನ ಸ್ವಭಾವ ಬಿಡಿಬಿಡಿ ಅಕ್ಷರ, ಬೇಕಾದ ಹಾಗೆ ಜೋಡಿಸು, ಬಿಚ್ಚು, ಮತ್ತೆ ಜೋಡಿಸು. ಎರಡನೆಯದರಿಂದ ಮೊದಲನೆಯದನ್ನು ಮಾಡಹೊರಡುವುದು ಯುಕ್ತವೋ, ಅದು ಬರಿಯ ವೇಷವೋ? ಯುಕ್ತವೆಂಬುದು ನನ್ನ ಪಕ್ಷ. ಇಂಥ ಅಚ್ಚು ಒಂದು ಕೈಬರಹದ ನಕಲಲ್ಲ, ಆ ಕೈ ಪಾಲಿಸಿದ ನಿಯಮಗಳ ದಾಖಲೆ. ಅದರ ಯೋಗ್ಯತೆ ಇರುವುದು ಎಲ್ಲರ ಕಣ್ಣು ಸೆಳೆಯುವ ಸುರುಳಿಗಳಲ್ಲಲ್ಲ, ಯಾರ ಕಣ್ಣಿಗೂ ಬೀಳಬಾರದ ಕೂಡಣೆಯಲ್ಲಿ. ಈ ಎರಡು ಮಾತುಗಳನ್ನು ಸಾಧಿಸಬೇಕು.

ಕೂಡಣೆ

ಚಾರ್ಲ್ಸ್ ಸ್ನೆಲ್ (1667–1733) ಲಂಡನ್ನಿನ ಬರವಣಿಗೆ ಮೇಷ್ಟ್ರು. ಆ ಕಾಲದಲ್ಲಿ ಅಲ್ಲಿ ಅಂದವಾಗಿ ಬರೆಯಲು ಕಲಿಸುವುದೇ ಒಂದು ವೃತ್ತಿಯಾಗಿತ್ತು. ವ್ಯಾಪಾರ ಬೆಳೆಯುತ್ತಿತ್ತು, ಲೆಕ್ಕದ ಪುಸ್ತಕಗಳಿಗೂ ವ್ಯವಹಾರದ ಪತ್ರಗಳಿಗೂ ವೇಗವಾಗಿ, ಸ್ಪಷ್ಟವಾಗಿ ಬರೆಯಬಲ್ಲ ಗುಮಾಸ್ತರು ಬೇಕಿತ್ತು. ಅದಕ್ಕೆ ಒದಗಿದ್ದು ‘ರೌಂಡ್ ಹ್ಯಾಂಡ್’ ಎಂಬ ದುಂಡನೆಯ ಕೂಡುಬರಹ. ಸ್ನೆಲ್ ಲೆಕ್ಕದಲ್ಲಿಯೂ ಪಳಗಿದವನು. ಸೌತ್ ಸೀ ಕಂಪನಿಯ ಷೇರು ಗುಳ್ಳೆ 1720ರಲ್ಲಿ ಒಡೆದಾಗ ಅದಕ್ಕೆ ಸಂಬಂಧಿಸಿದ ಸಾಬ್ರಿಜ್ ಸಂಸ್ಥೆಯ ಲೆಕ್ಕಪುಸ್ತಕಗಳನ್ನು ಪರಿಶೀಲಿಸಿ ವರದಿ ಬರೆದವನು ಇವನೇ. ಲೆಕ್ಕಪರಿಶೋಧನೆಯ ಚರಿತ್ರೆಯಲ್ಲಿ ಆ ವರದಿಗೆ ಇಂದಿಗೂ ಸ್ಥಾನವಿದೆ. ಈ ಸಂಗತಿಯನ್ನು ಸುಮ್ಮನೆ ಹೇಳುತ್ತಿಲ್ಲ. ಅಕ್ಷರಗಳ ವಿಷಯದಲ್ಲೂ ಸ್ನೆಲ್ ಲೆಕ್ಕದ ಮನುಷ್ಯ. ಯಾವ ಅಕ್ಷರ ಎಷ್ಟು ಅಗಲ, ಎಷ್ಟು ವಾಲು, ಎಲ್ಲಿ ತಿರುವು ಎಂದು ಅಳತೆಯ ನಿಯಮಗಳನ್ನು ಕಟ್ಟಿ ಪ್ರಕಟಿಸಿದ, ಅತಿ ಅಲಂಕಾರವನ್ನು ವಿರೋಧಿಸಿದ. ಜಾನ್ ಕ್ಲಾರ್ಕ್ ಎಂಬ ಮತ್ತೊಬ್ಬ ಮೇಷ್ಟ್ರಿಗೂ ಇವನಿಗೂ ಈ ನಿಯಮಗಳ ಬಗ್ಗೆ ದೊಡ್ಡ ಜಗಳವೇ ನಡೆಯಿತು.

ಇನ್ನೂರೈವತ್ತು ವರ್ಷಗಳ ಆಮೇಲೆ ಕಾರ್ಟರ್ ಆರಿಸಿಕೊಂಡದ್ದು ಇಂಥ ನಿಯಮನಿಷ್ಠನ ಕೈಯನ್ನು. ಆಯ್ಕೆಯಲ್ಲೇ ಅರ್ಧ ಉತ್ತರವಿದೆ. ಕ್ಷಣಕ್ಕೊಂದು ಬಗೆಯಲ್ಲಿ ಬರೆಯುವ ಕೈಯನ್ನು ಅಚ್ಚಿಗಿಳಿಸಿದರೆ ಉಳಿಯುವುದು ಅದರ ಒಂದು ಕ್ಷಣ ಮಾತ್ರ. ನಿಯಮದಿಂದ ಬರೆಯುವ ಕೈಯನ್ನು ಅಚ್ಚಿಗಿಳಿಸಿದರೆ ನಿಯಮವೇ ಉಳಿಯುತ್ತದೆ.

ಈಗ ಕೂಡಣೆಯನ್ನು ಹತ್ತಿರದಿಂದ ನೋಡಬೇಕು. ಇಂಗ್ಲಿಷಿನ ಸಣ್ಣ ‘ಎನ್’ ಮುಗಿಯುವುದು ಅಡಿಗೆರೆಯ ಮೇಲೆ. ಅಲ್ಲಿಂದ ಒಂದು ಸಪೂರ ಗೆರೆ ಬಲಕ್ಕೆ ಏರಿ ಮುಂದಿನ ಅಕ್ಷರದ ಎಡಮೈಯನ್ನು ನಡುಮಟ್ಟದಲ್ಲಿ ಮುಟ್ಟುತ್ತದೆ. ಆ ಮುಂದಿನ ಅಕ್ಷರ ಯಾವುದೆಂದು ‘ಎನ್’ಗೆ ಗೊತ್ತಿಲ್ಲ. ‘ಎ’ ಇರಬಹುದು, ‘ಐ’ ಇರಬಹುದು, ‘ಯು’ ಇರಬಹುದು. ಆದ್ದರಿಂದ ಪ್ರತಿ ಅಕ್ಷರವೂ ಒಂದೇ ಎತ್ತರದಲ್ಲಿ, ಒಂದೇ ಕೋನದಲ್ಲಿ, ಒಂದೇ ದಪ್ಪದಲ್ಲಿ ಹೊರಡಬೇಕು. ಪ್ರತಿ ಅಕ್ಷರವೂ ಅದೇ ಎತ್ತರದಲ್ಲಿ ಬರಮಾಡಿಕೊಳ್ಳಬೇಕು. ತೊಡಕು ಹುಟ್ಟುವುದು ‘ಓ’, ‘ವಿ’, ‘ಡಬ್ಲ್ಯೂ’ಗಳಲ್ಲಿ. ಇವು ಮುಗಿಯುವುದು ಮೇಲ್ಗಡೆ. ಬರೆಯುವ ಕೈ ಯೋಚನೆಯಿಲ್ಲದೆ ಮುಂದಿನ ಅಕ್ಷರವನ್ನು ಮೇಲಿನಿಂದಲೇ ಶುರುಮಾಡುತ್ತದೆ. ಅಚ್ಚಿನ ಅಕ್ಷರಕ್ಕೆ ಆ ಸ್ವಾತಂತ್ರ್ಯವಿಲ್ಲ, ಆ ಸಮಾಧಾನವನ್ನು ವಿನ್ಯಾಸಕಾರ ಮೊದಲೇ ಕಂಡುಹಿಡಿದು ಅಕ್ಷರದೊಳಗೆ ಇಟ್ಟಿರಬೇಕು. ಒಳ್ಳೆಯ ಕೂಡುಬರಹದ ಅಚ್ಚಿನಲ್ಲಿ ಭೂತಗನ್ನಡಿ ಹಿಡಿದರೂ ಒಂದಕ್ಷರ ಮುಗಿದು ಇನ್ನೊಂದು ಶುರುವಾದ ಜಾಗ ಸಿಕ್ಕುವುದಿಲ್ಲ. ಕಳಪೆ ಅಚ್ಚಿನಲ್ಲಿ ಬರಿಗಣ್ಣಿಗೇ ಗಂಟು ಕಾಣುತ್ತದೆ, ಗೆರೆ ಮೆಟ್ಟಿಲಿನಂತೆ ಎಡವಿರುತ್ತದೆ.

ಸೀಸದ ಮೊಳೆಗಳ ಕಾಲದಲ್ಲಿ ಇದು ಎಷ್ಟು ಕಷ್ಟವಿತ್ತೆಂದು ಅಚ್ಚುಕೂಟ ಕಂಡವರಿಗೆ ಹೇಳಬೇಕಾಗಿಲ್ಲ. ಮೊಳೆಯ ಮೈ ಚೌಕ, ಅಕ್ಷರ ಓರೆ. ಓರೆ ಅಕ್ಷರದ ತುದಿ ಮೈಯಾಚೆ ಚಾಚಿದರೆ ಒತ್ತಡಕ್ಕೆ ಮುರಿಯುತ್ತದೆ. ಚಾಚದಿದ್ದರೆ ಪಕ್ಕದ ಅಕ್ಷರವನ್ನು ಮುಟ್ಟುವುದಿಲ್ಲ. ಪ್ಯಾರಿಸಿನ ಫಿರ್ಮಾಂ ದಿದೋ 19ನೆಯ ಶತಮಾನದ ಆರಂಭದಲ್ಲಿ ಮೊಳೆಯ ಮೈಯನ್ನೇ ಓರೆಯಾಗಿ ಎರಕ ಹೊಯ್ದು ಇದಕ್ಕೊಂದು ದಾರಿ ಹುಡುಕಿದ. ಮಾರ್ಸೆಯ ಓಲೀವ್ ಫೌಂಡ್ರಿಗಾಗಿ ರೋಜೆ ಎಕ್ಸ್‌ಕೊಫೋಂ 1953ರಲ್ಲಿ ತನ್ನದೇ ಕೈಬರಹದಿಂದ ಮಾಡಿದ ‘ಮಿಸ್ತ್ರಾಲ್’ ಸೀಸದಲ್ಲೂ ಅಕ್ಷರಗಳು ಕೂಡಬಲ್ಲವೆಂದು ತೋರಿಸಿತು, ಆದರೆ ಅದು ಒರಟು, ಸಲಿಗೆಯ ಬರಹ. ಕೂದಲೆಳೆಯ ಗೆರೆಯ ಪರೀಕ್ಷೆ ಅಲ್ಲಿಲ್ಲ. ಲೈನೋಟೈಪ್ ಯಂತ್ರದಲ್ಲಂತೂ ಅಕ್ಷರ ಎರಕ ಹೊಯ್ಯುವ ಹಿತ್ತಾಳೆಯ ಮ್ಯಾಟ್ರಿಕ್ಸ್‌ಗಳು ಗೋಡೆಗೆ ಗೋಡೆ ತಾಗಿಸಿ ನಿಲ್ಲುತ್ತಿದ್ದವು, ಅಕ್ಷರ ತನ್ನ ಎಲ್ಲೆ ದಾಟುವ ಮಾತೇ ಇರಲಿಲ್ಲ. ಬಾಗಿಲು ತೆರೆದದ್ದು ಫೋಟೋ ಜೋಡಣೆ. ಅಕ್ಷರ ಲೋಹವನ್ನು ಬಿಟ್ಟು ಬೆಳಕಾದ ಮೇಲೆ ಒಂದರ ಮೇಲೊಂದು ಬೀಳುವುದಕ್ಕೆ ಅಡ್ಡಿಯಿಲ್ಲ. ಹಾರ್ಲೆಮ್‌ನ ಎನ್‌ಸ್ಖೆಡೆ ಅಚ್ಚುಕೂಟದಲ್ಲಿ ಉಕ್ಕಿನ ಪಂಚ್ ಕೊರೆಯಲು ಕಲಿತಿದ್ದ ಕಾರ್ಟರ್, ಲೋಹಕ್ಕೆ ಯಾವುದು ಆಗದೆಂದು ಕೈಯಾರೆ ತಿಳಿದಿದ್ದ. ಅದಕ್ಕೇ ಹೊಸ ಯಂತ್ರಕ್ಕೆ ಯಾವುದು ಆಗುತ್ತದೆಂದು ತೋರಿಸಲು ಸ್ನೆಲ್‌ನ ದುಂಡುಬರಹವನ್ನೇ ಹಿಡಿದ.

ಪೂರ್ವಪಕ್ಷ, ಉತ್ತರ

ಮೊದಲ ಆಕ್ಷೇಪ: ಇದು ವಂಚನೆ. ಯಾರೂ ಬರೆಯದೆ ಬರೆದಂತೆ ತೋರಿಸುವುದು ಸುಳ್ಳು. ಸಮಾರಂಭದ ಪತ್ರದಲ್ಲಿ ಸುಳ್ಳು ಇನ್ನೂ ಅಸಹ್ಯ.

ಉತ್ತರ. ವಂಚನೆಯಾಗಲು ಮೋಸಹೋದವನೊಬ್ಬ ಬೇಕು. ಐನೂರು ಮಂದಿಗೆ ಹಂಚಿದ ಕಾರ್ಡನ್ನು ಕೈಯಿಂದಲೇ ಬರೆದರೆಂದು ಯಾರೂ ನಂಬುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಕಾರಣ ಇನ್ನೊಂದಿದೆ. ಆಕ್ಷೇಪಿಸುವವರು ಯಾವ ‘ಮೂಲ’ ಕೈಬರಹದ ಮಾನ ಕಾಯಲು ಹೊರಟಿದ್ದಾರೋ ಅದು ಜನಕ್ಕೆ ತಲುಪಿದ್ದೇ ಅಚ್ಚಾಗಿ. ಜಾರ್ಜ್ ಬಿಕಮ್ 1733ರಿಂದ 1741ರವರೆಗೆ ಬಿಡಿ ಸಂಚಿಕೆಗಳಲ್ಲಿ ಹೊರತಂದ ‘ದಿ ಯೂನಿವರ್ಸಲ್ ಪೆನ್‌ಮನ್’ ಎಂಬ ಗ್ರಂಥದಲ್ಲಿ 25 ಮಂದಿ ಬರವಣಿಗೆ ಮೇಷ್ಟ್ರುಗಳ ಮಾದರಿಗಳಿವೆ. ಅಲ್ಲಿನ 212 ಫಲಕಗಳನ್ನು ಬಿಕಮ್ ತಾಮ್ರದ ಮೇಲೆ ಉಳಿಯಿಂದ ಕೊರೆದ. ಶಾಲೆಯ ಹುಡುಗ ನೋಡಿ ತಿದ್ದಿದ್ದು ಮೇಷ್ಟ್ರ ಮಸಿಯನ್ನಲ್ಲ, ತಾಮ್ರದ ಗೀರಿನ ಅಚ್ಚನ್ನು. ಉಳಿಯ ಮೊನೆ ಗರಿಯ ಮೊನೆಗಿಂತ ಸಪೂರ ಗೆರೆ ಎಳೆಯಬಲ್ಲದು, ಲೇಖನಿ ಆ ಸಪೂರವನ್ನು ಅನುಸರಿಸಲು ಹೆಣಗಿತು. ಹೀಗಿರುವಾಗ ಯಾವುದು ಮೂಲ, ಯಾವುದು ನಕಲು? ಈ ಶೈಲಿ ಹುಟ್ಟಿನಿಂದಲೇ ಕೈ ಮತ್ತು ಲೋಹಗಳ ಕೂಡುಕುಟುಂಬದ್ದು.

ಎರಡನೆಯ ಆಕ್ಷೇಪ ಹೆಚ್ಚು ಸೂಕ್ಷ್ಮವಾದದ್ದು. ಯಾವ ಕೈಯೂ ಒಂದೇ ಅಕ್ಷರವನ್ನು ಎರಡು ಸಲ ಒಂದೇ ಥರ ಬರೆಯುವುದಿಲ್ಲ. ಒಂದೇ ಪದದಲ್ಲಿ ಎರಡು ‘ಇ’ ಬಂದರೆ ಅಚ್ಚಿನಲ್ಲಿ ಎರಡೂ ಪಡಿಯಚ್ಚು. ಜೀವಂತಿಕೆ ಹೋಯಿತು.

ಇಲ್ಲಿ ವ್ಯವಸ್ಥೆ ಮಾಡಬೇಕು, ಒಂದೇ ಉತ್ತರ ಎಲ್ಲಕ್ಕೂ ಸಲ್ಲದು. ಕೈಬರಹಗಳಲ್ಲಿ ಎರಡು ಜಾತಿ. ಒಂದು ನಿಯಮದ ಬರಹ, ಇನ್ನೊಂದು ವ್ಯಕ್ತಿಯ ಬರಹ. ದುಂಡುಬರಹ ಮೊದಲ ಜಾತಿಯದು. ಒಬ್ಬ ಗುಮಾಸ್ತ ಬಿಟ್ಟ ಲೆಕ್ಕವನ್ನು ಇನ್ನೊಬ್ಬ ಮುಂದುವರಿಸಿದರೆ ಪುಟದಲ್ಲಿ ವ್ಯತ್ಯಾಸ ಕಾಣಬಾರದೆಂಬುದೇ ಅದರ ಗುರಿ. ಪಡಿಯಚ್ಚಿನಂತೆ ಬರೆಯಲು ವರ್ಷಗಟ್ಟಲೆ ತಿದ್ದಿದ ಕೈಗೆ ಪಡಿಯಚ್ಚಾಗುವುದು ಅವಮಾನವಲ್ಲ, ಸಿದ್ಧಿ. ಸ್ನೆಲ್ ಬದುಕಿದ್ದರೆ ಕಾರ್ಟರನ ಕೆಲಸದಲ್ಲಿ ತನ್ನ ನಿಯಮಗಳ ಗೆಲುವನ್ನೇ ಕಾಣುತ್ತಿದ್ದನೆಂದು ನನಗನ್ನಿಸುತ್ತದೆ.

ಜಾಫಿನೊ ಎರಡನೆಯ ಜಾತಿಯದು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ನಕ್ಷೆಗಾರನಾಗಿದ್ದ ಜಾಫ್ 1944ರಲ್ಲಿ ತನ್ನ ಸ್ಕೆಚ್ ಪುಸ್ತಕದಲ್ಲಿ ಬರೆದ ಅಕ್ಷರಗಳಲ್ಲಿ ಅದರ ಬೇರಿದೆ. ಆ ಬಳುಕನ್ನು ಸೀಸಕ್ಕಿಳಿಸಲು ಐವತ್ತರ ದಶಕದ ಆರಂಭದಲ್ಲಿ ‘ವಿರ್ಟುಓಸಾ’ ಎಂಬ ಅಚ್ಚಿನಲ್ಲಿ ಪ್ರಯತ್ನಿಸಿದ, ಸೀಸ ಅಷ್ಟಕ್ಕೆ ಬಗ್ಗಲಿಲ್ಲ. ತೊಂಬತ್ತರ ದಶಕದಲ್ಲಿ ಡೇವಿಡ್ ಸೀಗೆಲ್ ಎಂಬ ತರುಣ ಕಂಪ್ಯೂಟರ್ ತಜ್ಞನ ಪ್ರಸ್ತಾಪದಿಂದ ಆಸೆ ಮರುಹುಟ್ಟು ಪಡೆಯಿತು. ಸೀಗೆಲ್ ಅರ್ಧದಲ್ಲಿ ಕೈಬಿಟ್ಟರೂ ಲೈನೋಟೈಪ್ ಸಂಸ್ಥೆ ಕೈಹಿಡಿದು ಮುಗಿಸಿತು. ಇದು ಒಬ್ಬ ಮನುಷ್ಯನ ಕೈ. ಇಲ್ಲಿ ಪಡಿಯಚ್ಚು ನಿಜಕ್ಕೂ ದೋಷವೇ, ಆಕ್ಷೇಪ ನಿಲ್ಲುತ್ತದೆ. ಅದನ್ನು ಜಾಫ್ ಮೊದಲೇ ಒಪ್ಪಿಕೊಂಡು ಒಂದೊಂದು ಅಕ್ಷರಕ್ಕೂ ಹಲವು ರೂಪ ಬರೆದ. ಮ್ಯಾಕ್‌ನಲ್ಲಿರುವ ಜಾಫಿನೊದಲ್ಲಿ ಸಾವಿರಕ್ಕೂ ಹೆಚ್ಚು ರೂಪಗಳಿವೆ. ಅಕ್ಕಪಕ್ಕದ ಅಕ್ಷರ ನೋಡಿ ಯಾವ ರೂಪ ಬರಬೇಕೆಂದು ತಂತ್ರಾಂಶವೇ ಆರಿಸುತ್ತದೆ. ಆ ಅಚ್ಚಿನ ಹೆಸರನ್ನೇ ಅದರಲ್ಲಿ ಟೈಪಿಸಿದರೆ ಏಳು ಅಕ್ಷರಗಳೂ ಸೇರಿ ಒಂದೇ ಚಿತ್ರವಾಗಿಬಿಡುತ್ತವೆ. ಮೀಮಾಂಸಕರ ಮಾತಿನಲ್ಲಿ ಇದು ವ್ಯವಸ್ಥಿತ ವಿಕಲ್ಪ. ಆಯ್ಕೆ ಉಂಟು, ಆದರೆ ಸಂದರ್ಭವೇ ಅದನ್ನು ನಿಯಮಿಸುತ್ತದೆ.

ಮೂರನೆಯ ಆಕ್ಷೇಪ: ನಿಜವಾಗಿ ಗಂಭೀರವಾದ ಸಂದರ್ಭಕ್ಕೆ ಜನ ಇವತ್ತಿಗೂ ಕೈಬರಹವನ್ನೇ ಕರೆಯುತ್ತಾರೆ. ಭಾರತ ಸಂವಿಧಾನದ ಇಂಗ್ಲಿಷ್ ಮೂಲಪ್ರತಿಯನ್ನು ಯಾವುದೇ ಅಚ್ಚಿನಲ್ಲಿ ಜೋಡಿಸಲಿಲ್ಲ. ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಇಡಿಯಾಗಿ ಕೈಯಿಂದ ಬರೆದರು, ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದ ಕಲಾವಿದರು ಅದರ ಅಂಚುಗಳನ್ನು ಸಿಂಗರಿಸಿದರು, ಸಂವಿಧಾನ ಸಭೆಯ ಸದಸ್ಯರು 1950ರ ಜನವರಿ 24ರಂದು ಸಹಿ ಹಾಕಿದರು. ಹೀಗಿರುವಾಗ ಕೂಡುಬರಹದ ಅಚ್ಚು ಎಲ್ಲಿಯೂ ಸಲ್ಲದ ನಡುವಿನ ವಸ್ತುವಲ್ಲವೆ?

ಇದು ಎಲ್ಲಕ್ಕಿಂತ ಬಲವಾದ ಆಕ್ಷೇಪ, ಅರ್ಧವನ್ನು ಒಪ್ಪಿಯೇ ಉತ್ತರಿಸಬೇಕು. ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಪಕ್ಕದಲ್ಲಿಟ್ಟು ನೋಡಿ. 1776ರ ಜುಲೈ 4ರ ರಾತ್ರಿ ಜಾನ್ ಡನ್‌ಲಪ್ ಅದನ್ನು ನೆಟ್ಟಗಿನ ಸಾಮಾನ್ಯ ಅಚ್ಚಕ್ಷರದಲ್ಲಿ ಒಂದೇ ಹಾಳೆಯಾಗಿ ಮುದ್ರಿಸಿದ. ಊರೂರಿಗೆ ಹೋದದ್ದು, ಜನ ಓದಿದ್ದು ಆ ಹಾಳೆ. ಸಹಿ ಬಿದ್ದದ್ದು ಮಾತ್ರ ಟಿಮತಿ ಮ್ಯಾಟ್‌ಲ್ಯಾಕ್ ಚರ್ಮದ ಹಾಳೆಯ ಮೇಲೆ ದುಂಡುಬರಹದಲ್ಲಿ ಬರೆದ ಪ್ರತಿಗೆ. ಇದರಿಂದ ಎರಡು ಸಂಗತಿ ಸ್ಪಷ್ಟ. ಒಂದೇ ಒಂದು ಪ್ರತಿ, ಅದಕ್ಕೆ ಸಹಿ: ಅಲ್ಲಿ ಕೈಬರಹವೇ ಸರಿ. ಉದ್ದನೆಯ ಪಠ್ಯ, ಹಲವು ಪ್ರತಿ: ಅಲ್ಲಿ ನೆಟ್ಟಗಿನ ಅಚ್ಚೇ ಸರಿ. ಎರಡರಿಂದಲೂ ಕೂಡುಬರಹದ ಅಚ್ಚು ಹೊರಗೆ. ಆದರೆ ಮೂರನೆಯ ಸಂದರ್ಭವೊಂದು ಉಳಿಯಿತು: ಮಾತು ಸ್ವಲ್ಪ, ಪ್ರತಿ ಹಲವು. ಆಹ್ವಾನ, ಪದವಿಪತ್ರದ ನೆತ್ತಿ, ಪ್ರಶಸ್ತಿಯ ಹೆಸರು ಎಲ್ಲವೂ ಅಲ್ಲೇ ಬರುತ್ತವೆ. ಇಲ್ಲಿ ಆತಿಥೇಯ ಪ್ರತಿಯೊಬ್ಬನಿಗೂ ಮರ್ಯಾದೆ ತೋರಬೇಕು, ಒಬ್ಬನಿಗೆ ಹೆಚ್ಚು ಇನ್ನೊಬ್ಬನಿಗೆ ಕಮ್ಮಿ ಆಗಬಾರದು. ಪಂಕ್ತಿಯಲ್ಲಿ ಎಲ್ಲರ ಎಲೆಗೂ ಅದೇ ಪಾಯಸ ಬಡಿಸುವ ಹಾಗೆ. ಕೈಬರಹ ನೂರನೆಯ ಕಾರ್ಡಿಗೆ ದಣಿಯುತ್ತದೆ, ಅಚ್ಚು ದಣಿಯುವುದಿಲ್ಲ. ಸಂವಿಧಾನದ ಕೈಬರಹವೂ ಪ್ರತಿಗಳಾಗಬೇಕಾದಾಗ ಡೆಹರಾಡೂನಿನ ಸರ್ವೆ ಆಫ್ ಇಂಡಿಯಾ ಅಚ್ಚುಕೂಟದಲ್ಲಿ ಫೋಟೋಲಿಥೋ ವಿಧಾನದಲ್ಲಿ ಮುದ್ರಣಗೊಂಡಿತು ಎಂಬುದನ್ನು ಇಲ್ಲಿ ಸೇರಿಸಬೇಕು.

ಇನ್ನೊಂದು ಆಕ್ಷೇಪ ನಮ್ಮ ಕಡೆಯಿಂದ ಏಳುತ್ತದೆ. ಈ ಅಕ್ಷರ ನಮ್ಮಲ್ಲಿಗೆ ಬಂದದ್ದು ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತರ ಕೈಯಲ್ಲಿ. ಕಂಪನಿಯ ನೌಕರಿಯ ಕೆಳಮೆಟ್ಟಿಲಿನ ಹುದ್ದೆಯ ಹೆಸರೇ ‘ರೈಟರ್’, ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗ್ ಅವರಿಗಾಗಿ ಕಟ್ಟಿದ್ದು. ಆಮೇಲೆ ಕಾಪಿ ಪುಸ್ತಕದ ನಾಲ್ಕು ಗೆರೆಗಳ ನಡುವೆ ನಮ್ಮ ಮಕ್ಕಳ ಬೆರಳಿಗೂ ಇಳಿಯಿತು. ಅದಕ್ಕಿರುವ ಘನತೆ ಅಧಿಕಾರದ ಘನತೆ, ಅಂದದ್ದಲ್ಲ ಎನ್ನುತ್ತಾರೆ.

ಬಂದ ದಾರಿ ನಿಜ, ಮರೆಮಾಚಬೇಕಾಗಿಲ್ಲ. ಆದರೆ ಬಂದ ದಾರಿಯೊಂದೇ ವಸ್ತುವಿನ ಬೆಲೆ ಕಟ್ಟುವುದಾದರೆ ಅಚ್ಚುಯಂತ್ರವನ್ನೇ ಕೈಬಿಡಬೇಕಾದೀತು; ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಿಂದಲೇ ಹೊರಬಂದದ್ದು. ಕೂಡಣೆಯ ಅಂದ ಕಂಪನಿಗೆ ಸೇರಿದ್ದಲ್ಲ, ಕೈಗೆ ಸೇರಿದ್ದು. ಆದರೆ ಈ ಆಕ್ಷೇಪದಿಂದ ಕಲಿಯಬೇಕಾದ್ದು ಇದೆ. ಓದುವವರೆಲ್ಲ ಕನ್ನಡಿಗರಾಗಿರುವ ಕರೆಯೋಲೆಯಲ್ಲಿ ವಧೂವರರ ಹೆಸರು ಮಾತ್ರ ಇಂಗ್ಲಿಷಿನ ಬಳುಕಿನಲ್ಲಿ ಮೆರೆದು, ಕನ್ನಡ ಕೆಳಗೆಲ್ಲೋ ಸಣ್ಣದಾಗಿ ಮುದುಡಿದ್ದರೆ ಅದು ನನಗೆ ನೋವಿನ ಸಂಗತಿ.

ವಿಧಿ, ನಿಷೇಧ

ಓದಲಾಗದು ಎಂಬ ದೂರಿಗೆ ಬೇರೆ ಉತ್ತರ ಬೇಕಿಲ್ಲ, ಮೇಲೆ ಹೇಳಿದ ಎಲ್ಲೆಯೊಳಗೆ ಬಳಸಿದರೆ ಸಾಕು. ಹೆಸರು, ದಿನ, ಒಂದು ಸಾಲು. ಪ್ಯಾರಾ ಅಲ್ಲ.

ಎರಡು ನಿಷೇಧಗಳನ್ನು ಮಾತ್ರ ಬಿಡಿಸಿ ಹೇಳಬೇಕು, ಏಕೆಂದರೆ ಡಿಟಿಪಿ ಅಂಗಡಿಗಳಲ್ಲಿ ದಿನವೂ ಮುರಿಯುವುದು ಇವೇ. ದೊಡ್ಡಕ್ಷರಗಳನ್ನೇ ಸಾಲಾಗಿ ಜೋಡಿಸಬಾರದು. ಈ ಶೈಲಿಯ ದೊಡ್ಡಕ್ಷರ ಪದದ ಮೊದಲಲ್ಲಿ ಒಂಟಿಯಾಗಿ ನಿಂತು, ಸಣ್ಣಕ್ಷರಗಳ ಮೇಲೆ ತೋಳು ಬೀಸಲು ಹುಟ್ಟಿದ್ದು. ನಾಲ್ಕು ದೊಡ್ಡಕ್ಷರ ಒತ್ತಟ್ಟಿಗೆ ನಿಂತರೆ ಸುರುಳಿಗೆ ಸುರುಳಿ ಸಿಕ್ಕಿಕೊಂಡು ಹೆಸರೇ ಕಳೆದುಹೋಗುತ್ತದೆ. ಇನ್ನೊಂದು, ಅಕ್ಷರಗಳ ನಡುವಿನ ತೆರಪನ್ನು ಹಿಗ್ಗಿಸಬಾರದು. ಸಾಲು ಅಗಲಕ್ಕೆ ಸಾಲದೆಂದು ಒಂದು ಗುಂಡಿ ಒತ್ತಿದರೆ ಸಾಕು, ದಿದೋ ಮೈ ಓರೆ ಮಾಡಿ, ಕಾರ್ಟರ್ ಬೆಳಕನ್ನು ಹಿಡಿದು ಸಾಧಿಸಿದ ಕೂಡಣೆ ಕಡಿದುಬೀಳುತ್ತದೆ. ಪ್ರತಿ ಅಕ್ಷರದ ಬಾಲ ಖಾಲಿ ಜಾಗಕ್ಕೆ ಕೈಚಾಚಿ ನಿಲ್ಲುತ್ತದೆ. ಇದು ರುಚಿಯ ಮಾತಲ್ಲ, ವಸ್ತುವಿನ ಧರ್ಮದ ಮಾತು. ಜಾಫಿನೊ ಬಳಸುವವರಿಗೆ ಒಂದು ವಿಧಿಯೂ ಉಂಟು: ಅದರ ಸಣ್ಣಕ್ಷರದ ಮೈ ಬಹಳ ಚಿಕ್ಕದು, ಏರಿಳಿವ ಬಾಲಗಳು ಬಹಳ ಉದ್ದ. ಸಾಲಿಗೂ ಸಾಲಿಗೂ ನಡುವೆ ಧಾರಾಳ ಜಾಗ ಬಿಡಲೇಬೇಕು.

ಕನ್ನಡದ ಪ್ರಶ್ನೆ

ಹಾಗಾದರೆ ಕನ್ನಡಕ್ಕೂ ಇಂಥ ಅಚ್ಚು ಬೇಕೆ? ಬೇಕು. ಆದರೆ ವಾಲಿಸಿ ಮಾಡುವುದಲ್ಲ. ಓರೆಯೂ ದಪ್ಪ-ಸಪೂರವೂ ಗರಿಯ ಲೇಖನಿ ಕೊಟ್ಟದ್ದು. ನಮ್ಮ ಲಿಪಿ ತಾಳೆಯೋಲೆಯ ಮೇಲೆ ಲೋಹದ ಕಂಟದಿಂದ ಕೊರೆದು ಬಂದದ್ದು, ಅದರ ಅಂದ ಸಮದಪ್ಪದ ಗೆರೆಯ ತಿರುವಿನಲ್ಲಿದೆ. ತಂತ್ರಾಂಶದಲ್ಲಿ ಕನ್ನಡವನ್ನು ಬಲಕ್ಕೆ ವಾಲಿಸಿ ‘ಅಲಂಕಾರಿಕ’ ಎಂದು ಕರೆಯುವ ಅಭ್ಯಾಸ ಇದೆ. ಏನಾಗುತ್ತದೆ ನೋಡಿ. ಅಡಿಗೆರೆಯ ಮೇಲಿನ ಭಾಗ ಬಲಕ್ಕೆ ಜರುಗಿದರೆ ಕೆಳಗಿನದು ಎಡಕ್ಕೆ ಜರುಗುತ್ತದೆ. ತಲೆಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ. ‘ಸ್ತ್ರೀ’ ಎಂದು ಬರೆದು ವಾಲಿಸಿದರೆ ಕೆಳಗಿನ ಒತ್ತುಗಳು ಮೂಲಾಕ್ಷರದ ಅಡಿಯಿಂದ ಜಾರಿ ಹಿಂದಕ್ಕೆ ಸರಿದಿರುತ್ತವೆ, ದುಂಡಗಿದ್ದ ಹೊಟ್ಟೆ ಮೊಟ್ಟೆಯಾಗಿರುತ್ತದೆ.

ಇಂಗ್ಲಿಷಿನಲ್ಲಿ ಕೂಡಣೆ ಪಕ್ಕದಿಂದ ಪಕ್ಕಕ್ಕೆ; ಕನ್ನಡದಲ್ಲಿ ಅದು ಮೇಲಿನಿಂದ ಕೆಳಕ್ಕೆ. ಸೀಸದ ಕಾಲದಲ್ಲಿ ಕನ್ನಡದ ಕಂಪೋಸಿಟರನ ಮುಂದಿದ್ದ ಕೇಸಿನಲ್ಲಿ ಇಂಗ್ಲಿಷಿನದಕ್ಕಿಂತ ಎಷ್ಟೋ ಹೆಚ್ಚು ಮನೆಗಳು ಬೇಕಾದದ್ದು ಗುಣಿತ, ಒತ್ತುಗಳ ದೆಸೆಯಿಂದ. ಇವತ್ತು ಯೂನಿಕೋಡ್‌ನಲ್ಲಿ ‘ಕ್ಷ’ ಎಂದು ಬರೆದಾಗ ಒಳಗೆ ಕೂತಿರುವುದು ಕ, ಹಲಂತ, ಷ ಎಂಬ ಮೂರು ಸಂಕೇತ, ಕಾಣುವುದು ಒಂದೇ ಆಕೃತಿ. ಅಕ್ಕಪಕ್ಕ ನೋಡಿ ರೂಪ ಬದಲಿಸುವ ಈ ವಿದ್ಯೆ ಜಾಫಿನೊ ತನ್ನ ಬಾಲಗಳನ್ನು ಆರಿಸಿಕೊಳ್ಳುವ ವಿದ್ಯೆಯ ಜಾತಿಯದೇ. ಇಂಗ್ಲಿಷಿಗೆ ಅದು ಅಲಂಕಾರ, ಕನ್ನಡಕ್ಕೆ ಬದುಕು. ಅಂದರೆ ಸಾಧನ ನಮ್ಮ ಕೈಯಲ್ಲಿ ಈಗಾಗಲೇ ಇದೆ. ಬೇಕಾದ್ದು ಒತ್ತಿನ ಒಂದೊಂದು ಕೂಡಣೆಯನ್ನೂ ಕೈಯಿಂದ ಬರೆದು ನೋಡುವ ತಾಳ್ಮೆ.

34 ವ್ಯಂಜನಗಳಿಗೆ 34 ಒತ್ತು ಎಂದರೆ ಲೆಕ್ಕಕ್ಕೆ 1156 ಜೋಡಿಗಳಾದವು, ಭಾಷೆಯಲ್ಲಿ ಬಳಕೆಯಿರುವುದು ಅದರ ಒಂದು ಪಾಲು ಮಾತ್ರ. ಸಮಾರಂಭದ ಪತ್ರಗಳಲ್ಲಿ ಬರುವುದು ಇನ್ನೂ ಕಡಿಮೆ. ಶ್ರೀ, ಶ್ರೀಮತಿ, ಆಮಂತ್ರಣ, ಪ್ರಶಸ್ತಿ, ಪ್ರಮಾಣಪತ್ರ, ಸ್ವಾಗತ, ಸನ್ಮಾನ. ಈ ಪದಗಳನ್ನು ಸಾಲಾಗಿ ಬರೆದು ನೋಡಿದರೆ ಹೆಚ್ಚಿನ ಕಡೆ ಬರುವುದು ರಕಾರದ ಒತ್ತು. ಅಕ್ಷರದ ಅಡಿಯಿಂದ ಹೊರಟು ಎಡಕ್ಕೋ ಬಲಕ್ಕೋ ಎಷ್ಟು ಬೇಕಾದರೂ ಚಾಚಬಲ್ಲ, ಯಾವ ಅಕ್ಷರದ ಗುರುತನ್ನೂ ಕೆಡಿಸದ ಕಮಾನು ಅದು. ಕನ್ನಡದ ಅಚ್ಚು ರೂಪಿಸುವವರು ಮೊದಲು ಆ ಕಮಾನಿನಿಂದ ತೊಡಗಬಹುದು.